ಸ್ಕೀ ಮೈದಾನದಲ್ಲಿ ತೂಗಿದ ಹಿಮ

ಬೆಟ್ಟದ ಹಿಮ ಕರಗಿದಾಗ ಅಕಾಸೆ ನದಿಗೆ ಎಷ್ಟು ನೀರು ಬರುತ್ತದೆಂದು ಮೊದಲೇ ಹೇಳುವುದು ನಮ್ಮ ಕಚೇರಿಯ ಕೆಲಸ. ಅದಕ್ಕೆ ಮಾರ್ಚ್ ಮೊದಲ ವಾರ ಬೆಟ್ಟ ಹತ್ತಿ, ಹಿಮದೊಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಅದರಲ್ಲಿ ತುಂಬಿಕೊಂಡ ಹಿಮವನ್ನು ತೂಗಬೇಕು. ಇಪ್ಪತ್ತಾರು ವರ್ಷ ಹಾಗೆ ತೂಗಿದವಳು ಮಿತ್ಸುಯೊ. ಹತ್ತಲು ಐದು ಗಂಟೆ ಬೇಕು. ಮೇಲೆ ಹೋಗುವಷ್ಟರಲ್ಲಿ ಬುತ್ತಿಯ ಅನ್ನದುಂಡೆ ಕಲ್ಲಾಗಿರುತ್ತದೆ.

ಆ ವರ್ಷ ಹೊಸದಾಗಿ ಬಂದ ಮುಖ್ಯಸ್ಥ ಹಿರಾನುಮಾ ಅಳತೆಯ ಜಾಗವನ್ನೇ ಕೆಳಗೆ, ಸ್ಕೀ ಮೈದಾನದ ಅಂಚಿಗೆ ತಂದುಬಿಟ್ಟ. ಅಲ್ಲಿಯವರೆಗೆ ಕಾರು ಹೋಗುತ್ತದೆ, ಪಕ್ಕದಲ್ಲೇ ಬಿಸಿ ರಾಮೆನ್ ನೂಡಲ್ಸ್ ಸಿಗುತ್ತದೆ. ಹೊಸ ಬೂಟು ಹಾಕಿಕೊಂಡು ತಾನೇ ಕೊಳವೆ ಹಿಡಿದು ನಿಂತ. ಫೋಟೊ ತೆಗೆದವನು ನಾನು. ಹಿಮ ಎರಡೂವರೆ ಮೀಟರ್ ಇತ್ತು. ಹತ್ತು ವರ್ಷದಲ್ಲೇ ಹೆಚ್ಚು ನೀರು ಬರಲಿದೆ ಎಂದು ವರದಿ ಹೋಯಿತು.

ಮಿತ್ಸುಯೊ ರಜೆ ಹಾಕಿ, ಒಬ್ಬಳೇ ಹಳೆಯ ಜಾಗಕ್ಕೆ ಹೋಗಿಬಂದಳು. ಅಲ್ಲಿ ಹಿಮ ಅವಳ ಸೊಂಟದಷ್ಟೂ ಇರಲಿಲ್ಲ.

"ಹಿರಾನುಮಾ ಸಾನ್, ನೀವು ತೂಗಿದ್ದು ಆಕಾಶದಿಂದ ಬಿದ್ದ ಹಿಮ ಅಲ್ಲ. ಸ್ಕೀ ಆಡೋರಿಗೆ ಅಂತ ಮೆಷಿನ್‌ನಲ್ಲಿ ಊದಿದ್ದು."

"ಹಿಮ ಹಿಮಾನೇ ಅಲ್ವೇನ್ರೀ? ಕರಗಿದ್ರೆ ನೀರಾಗಲ್ವಾ?"

"ಆಗತ್ತೆ. ಆದ್ರೆ ಬೆಟ್ಟಕ್ಕೆಲ್ಲ ಯಾರೂ ಊದಿಲ್ವಲ್ಲ."

"ಮೇಲಿನವರಿಗೆ ವರದಿ ತುಂಬಾ ಹಿಡಿಸಿದೆ. ಈಗ ತಿದ್ದಿದ್ರೆ ಅವರಿಗೆ ಬೇಜಾರಾಗತ್ತೆ."

ಬರಲಿರುವ ನೀರಿಗೆ ಜಾಗ ಮಾಡಬೇಕೆಂದು ಅಕಾಸೆ ನದಿಯ ಅಣೆಕಟ್ಟೆಯ ಗೇಟು ತೆರೆದರು. ಎರಡು ವಾರ ನೀರು ಸಮುದ್ರಕ್ಕೆ ಹರಿಯಿತು. ಮಿತ್ಸುಯೊ ಬೆಳಿಗ್ಗೆ ಕಚೇರಿಗೆ ಬರುವಾಗ ನದಿಯ ಸೇತುವೆ ದಾಟುತ್ತಾ ಕೆಳಗೆ ಹರಿದುಹೋಗುವ ನೀರಿನತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಮೇ ತಿಂಗಳಲ್ಲಿ ಭತ್ತದ ನಾಟಿ ಶುರುವಾಗುವ ಹೊತ್ತಿಗೆ ಜಲಾಶಯದ ತಳದ ಕೆಸರು ಕಾಣುತ್ತಿತ್ತು. ರೈತರ ಸಭೆ ಸೇರಿತು.

"ನಮ್ಮ ಮುನ್ಸೂಚನೆ ಸರಿಯಾಗೇ ಇತ್ತು," ಎಂದ ಹಿರಾನುಮಾ. "ಈ ಸಲ ಹಿಮಾನೇ ಅದರ ಪ್ರಕಾರ ನಡ್ಕೊಳ್ಳಲಿಲ್ಲ."

"ಹಾಗಾದ್ರೆ ಹಿಮಕ್ಕೊಂದು ನೋಟಿಸ್ ಕೊಡಿ," ಎಂದ ನೀರು ಸಂಘದ ಮುದುಕ ಗೊಂಡೊ.

ಮಿತ್ಸುಯೊ ಎದ್ದು, ತಾನು ತೂಗಿದ ಲೆಕ್ಕದ ಹಾಳೆಯನ್ನು ಗೊಂಡೊನ ಮುಂದಿಟ್ಟಳು. ಮುದುಕ ಹಾಳೆಯ ಮೇಲಿನ ತಾರೀಕು ನೋಡಿದ; ಅದು ಗೇಟು ತೆರೆಯುವುದಕ್ಕೂ ಮೊದಲಿನದು. ಮತ್ತೆ ಹಿರಾನುಮಾನ ಮುಖ ನೋಡಿದ. ಹಿರಾನುಮಾ ಕ್ಷಮೆ ಕೇಳುವಂತೆ ಸೊಂಟ ಬಗ್ಗಿಸಿ ವಂದಿಸಿದ; ಬಹಳ ಹೊತ್ತು ಮೇಲೇಳಲಿಲ್ಲ.

ಆ ವರ್ಷ ಮೂರರಲ್ಲೊಂದು ಪಾಲು ಗದ್ದೆ ನಾಟಿಯಿಲ್ಲದೆ ಉಳಿಯಿತು. ಹಿರಾನುಮಾನನ್ನು ಟೋಕಿಯೋಗೆ ಕರೆಸಿಕೊಂಡು, ಮುನ್ಸೂಚನೆ ಕಲಿಸುವ ತರಬೇತಿ ವಿಭಾಗಕ್ಕೆ ಹಾಕಿದರು. ಅನುಮತಿಯಿಲ್ಲದೆ ಬೆಟ್ಟ ಹತ್ತಿದ್ದಕ್ಕೆ ಮಿತ್ಸುಯೊಗೆ ಎಚ್ಚರಿಕೆಯ ಪತ್ರ ಬಂತು. ಅವಳು ಅದಕ್ಕೆ ಸಹಿ ಹಾಕಿ, ಆಗಲೇ ಮುಂದಿನ ಮಾರ್ಚಿಗೆ ಅನುಮತಿ ಕೇಳಿ ಅರ್ಜಿ ಬರೆದಳು. ಅದರಲ್ಲಿ ಎರಡು ಹೆಸರಿದ್ದವು. ಎರಡನೆಯದು ನನ್ನದು, ನನ್ನನ್ನು ಕೇಳಿರಲಿಲ್ಲ.