ಎದ್ದು ಎದ್ದ ಬಗೆ

ಸುಳ್ಳು ಮಾಡುವುದರಲ್ಲಿ ನನ್ನಷ್ಟು ಪ್ರಾಮಾಣಿಕರು ಈ ಹೈದರಾಬಾದಿನಲ್ಲಿ ಹೆಚ್ಚು ಜನ ಇರಲಿಕ್ಕಿಲ್ಲ. ಗಚ್ಚಿಬೌಲಿಯ ನಮ್ಮ ಸ್ಟುಡಿಯೋದ ನಾಲ್ಕನೆಯ ಮಹಡಿಯಲ್ಲಿ ಕುಳಿತು ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಸಿನಿಮಾದವರು ಸಮುದ್ರ ಕೇಳಿದರೆ ಸಮುದ್ರ, ಹಿಮ ಕೇಳಿದರೆ ಹಿಮ, ಎಲ್ಲವೂ ಕಂಪ್ಯೂಟರಿನೊಳಗಿಂದಲೇ. ತೆಲುಗಿನವರಿಗೆ ಏಳು ಕೋಟೆ ಕಟ್ಟಿಕೊಟ್ಟು, ಅದರಲ್ಲಿ ಐದಕ್ಕೆ ಬೆಂಕಿಯನ್ನೂ ಇಟ್ಟಿದ್ದೇವೆ. ತಮಿಳಿನವರಿಗೆ ಒಂದು ರೈಲು ಉರುಳಿಸಿದೆವು. ಮಲಯಾಳದವರಿಗೆ ಒಂದೇ ಒಂದು ಮಿಂಚುಹುಳ ಮಾಡಿಕೊಟ್ಟು ಮೂರು ವಾರ ಬೈಸಿಕೊಂಡೆವು. ಬಟ್ಟೆ ಸೋಪಿನ ಜಾಹೀರಾತಿಗೆ ನೊರೆ ಉಕ್ಕಿಸುವುದು, ರಾಜನ ಮುಂಗೈಯಲ್ಲಿ ಮರೆತು ಉಳಿದ ವಾಚು ಅಳಿಸುವುದು, ಐವತ್ತು ದಾಟಿದ ನಾಯಕನ ಹೊಟ್ಟೆಯನ್ನು ಎರಡಿಂಚು ಒಳಗೆ ತಳ್ಳುವುದು, ಇವೂ ನಮ್ಮವೇ. ಇದನ್ನೆಲ್ಲ ನೀವು ನೋಡಿದ್ದೀರಿ, ನಿಮಗೆ ಗೊತ್ತಾಗಿಲ್ಲ. ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕಳೆದ ವರ್ಷ ಒಂದು ತೆಲುಗು ಚಿತ್ರ ಬಂತು. ಅದರ ಕೊನೆಯಲ್ಲಿ, ಕೆಸರಿನಲ್ಲಿ ಕುಸಿದುಬಿದ್ದ ಮುದಿ ಎತ್ತೊಂದು ನಾಯಕನ ಮಾತು ಕೇಳಿ ಎದ್ದು ನಿಲ್ಲಬೇಕು. ನಿಜವಾದ ಎತ್ತನ್ನು ಕೆಡವಿ ಚಿತ್ರ ತೆಗೆಯಲು ಅನುಮತಿ ಸಿಗುವುದಿಲ್ಲ, ಸಿಗಲೂಬಾರದು. ಹಾಗಾಗಿ ನಾಯಕ ಹಸಿರು ಬಟ್ಟೆ ಸುತ್ತಿದ ಮರಳುಮೂಟೆಯ ಮೇಲೆ ಕೈಯಿಟ್ಟು ಅತ್ತಿದ್ದ. ಆ ಮೂಟೆಯನ್ನು ಅಳಿಸಿ ಅಲ್ಲಿ ಎತ್ತನ್ನು ಕೂರಿಸುವುದು ನಮ್ಮ ಪಾಲು. ನಿರ್ದೇಶಕರು ಕಳಿಸಿದ ಪಟ್ಟಿಯಲ್ಲಿ ಆ ಶಾಟ್‌ನ ಹೆಸರು 'ಎದ್ದು' ಎಂದಿತ್ತು. ತೆಲುಗಿನಲ್ಲಿ ಎದ್ದು ಎಂದರೆ ಎತ್ತು. ನಾನು ಅದನ್ನು ಕನ್ನಡದಲ್ಲಿ ಓದಿಕೊಂಡು, 'ಎದ್ದು ಏನು ಮಾಡಬೇಕಪ್ಪಾ' ಎಂದು ಒಬ್ಬಳೇ ನಕ್ಕಿದ್ದೆ.

ಒಂದಿಡೀ ಪ್ರಾಣಿ, ಮೂಗಿನಿಂದ ಬಾಲದವರೆಗೆ, ನನ್ನ ಉಸ್ತುವಾರಿಗೆ ಬಂದದ್ದು ಅದೇ ಮೊದಲು. ಅದುವರೆಗೆ ಹುಲಿಯಾಗಲಿ ಕರಡಿಯಾಗಲಿ, ಮುಂಬಯಿಯಿಂದ ಯಾರೋ ಬಂದು ನಮ್ಮ ತಲೆಯ ಮೇಲೆ ಕೂರುತ್ತಿದ್ದರು. ಈ ಸಲ ನಾನೇ ಜಗಳವಾಡಿ ಕೇಳಿ ಪಡೆದಿದ್ದೆ. ಎತ್ತು ಸರಿಯಾಗಿ ಎದ್ದರೆ ಇದೇ ನಿರ್ದೇಶಕರ ಮುಂದಿನ ಚಿತ್ರದ ಆನೆಗಳೂ ನನಗೇ. ಇಲ್ಲವಾದರೆ ಮತ್ತೆ ಮುಂಬಯಿಯವರು, ಮತ್ತೆ ನನಗೆ ಹೊಟ್ಟೆ ತಳ್ಳುವ ಕೆಲಸ.

ನಾನು ಹುಟ್ಟಿ ಬೆಳೆದದ್ದು ಮೆಹದಿಪಟ್ಟಣಂನಲ್ಲಿ. ಅಪ್ಪ ಹುಮನಾಬಾದಿನಿಂದ ಬಂದು ಬಟ್ಟೆ ಅಂಗಡಿ ಇಟ್ಟವರು. ನಮ್ಮ ಮನೆಗೆ ಎತ್ತು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಮಣ್ಣೆತ್ತಿನ ಅಮಾವಾಸ್ಯೆಗೆ. ಅವ್ವ ಎಲ್ಲಿಂದಲೋ ಜೇಡಿಮಣ್ಣು ತರಿಸಿ ಜೋಡೆತ್ತು ಮಾಡುತ್ತಿದ್ದಳು. ಬೆನ್ನ ಮೇಲೆ ಉಬ್ಬುವ ಹಿಣಿಲು, ಕೊರಳ ಕೆಳಗೆ ಜೋಲುವ ಗಂಗೆದೊಗಲು ತಿದ್ದುವುದು ನನ್ನ ಕೆಲಸ. ಆ ಕೈ ಇನ್ನೂ ಹೋಗಿಲ್ಲ. ನಮ್ಮ ಹನ್ನೊಂದು ಜನ ಎರಡು ತಿಂಗಳು ದುಡಿದು ಮಾಡಿದ ಎತ್ತಿಗೆ ಮೂಗಿನ ತೇವವಿತ್ತು, ಹಣೆಯಲ್ಲಿ ಸುಳಿಯಿತ್ತು, ರೆಪ್ಪೆಯ ಮೇಲೆ ಒಂದು ನೊಣವೂ ಇತ್ತು. ನಿರ್ದೇಶಕರು ನೋಡಿ "ಚಾಲಾ ಬಾಗುಂದಿ" ಎಂದು, ತುಂಬಾ ಚೆನ್ನಾಗಿದೆಯೆಂದು ಒಪ್ಪಿಕೊಂಡು ಹೋದರು. ಶುಕ್ರವಾರ ಕಳಿಸಿಕೊಡುವುದೊಂದೇ ಬಾಕಿ.

ಅದೇ ದಿನಗಳಲ್ಲಿ ನಮ್ಮ ಮಹಡಿಯ ಇನ್ನೊಂದು ಬದಿಗೆ ಹೊಸ ಹಾಲ್ ಸಿದ್ಧವಾಗುತ್ತಿತ್ತು. ನೆಲಕ್ಕೆ ಟೈಲ್ಸ್ ಕೂರಿಸಲು ಬಂದವನು ದ್ಯಾವಪ್ಪ. ದೇವದುರ್ಗದ ಕಡೆಯವನು, ಐವತ್ತರ ಆಸುಪಾಸು, ಹನ್ನೆರಡು ವರ್ಷದಿಂದ ಮಿಯಾಪುರದಲ್ಲಿ ವಾಸ. ಬಾಯಲ್ಲಿ ಎಲೆಯಡಿಕೆ, ಮುಖದಲ್ಲಿ ತನ್ನ ಕೆಲಸ ತನಗೆ ಗೊತ್ತು ಎಂಬ ಠೀವಿ. ಅಂಥವರನ್ನು ಕಂಡರೆ ನನಗೆ ಗೌರವ. ಆದರೆ ಒಂದೇ ಮಹಡಿಯಲ್ಲಿ ಅಂಥವರು ಇಬ್ಬರಿದ್ದರೆ ಕಷ್ಟ. ಮೊದಲ ವಾರವೇ ಜಗಳವಾಯಿತು. ಮೂಲೆಯಲ್ಲಿ ಒಂದು ಟೈಲು ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು.

"ಇದನ್ನ ತಗದು ಮತ್ತ ಕೂಡಸ್ರಿ," ಎಂದೆ.

"ಅಲ್ಲಿ ಕಪಾಟು ಬರತೈತ್ರಿ ಅಕ್ಕಾರ. ಯಾರಿಗೆ ಕಾಣತೈತಿ?"

"ನನಗ ಕಾಣತೈತಿ."

ಅವನು ಟೈಲನ್ನು ಕಿತ್ತು ಮತ್ತೆ ಕೂರಿಸಿದ. ಆಮೇಲೆ ನಾಲ್ಕು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಬುಧವಾರ ಮಧ್ಯಾಹ್ನ ಅವನು ಬಾಟಲಿಗೆ ನೀರು ತುಂಬಿಕೊಳ್ಳಲು ನಮ್ಮ ಕಡೆ ಬಂದ. ನನಗೋ ಜಂಬ ತುಳುಕುತ್ತಿತ್ತು. ತೆಲುಗಿನಲ್ಲಿ, ಹಿಂದಿಯಲ್ಲಿ ಹೊಗಳಿಸಿಕೊಂಡದ್ದು ಸಾಕಾಗಿತ್ತು, ನಮ್ಮ ಮಾತಿನಲ್ಲೊಮ್ಮೆ ಹೊಗಳಿಸಿಕೊಳ್ಳುವ ಆಸೆಯಾಯಿತು. "ಬರ್ರಿ ದ್ಯಾವಪ್ಪಣ್ಣ, ಒಂದು ಚಂದಂದು ತೋರಸ್ತೀನಿ," ಎಂದು ಕರೆದು ದೊಡ್ಡ ಪರದೆಯ ಮೇಲೆ ಶಾಟ್ ಹಾಕಿದೆ. ಸಿಮೆಂಟು ಮೆತ್ತಿದ ಕೈಗಳನ್ನು ಹಿಂದೆ ಕಟ್ಟಿಕೊಂಡು ಪೂರ್ತಿ ನೋಡಿದ.

"ಚಲೋ ಐತ್ರಿ ಕುದರಿ," ಎಂದ.

"ಕುದರಿ ಅಲ್ರಿ, ಎತ್ತು. ಕೊಂಬು ಕಾಣವಲ್ವೇನು?"

"ಕೊಂಬು ಕಾಣತಾವ್ರಿ. ಆದ್ರ ಎದ್ದದ್ದು ಕುದರಿ ಎದ್ದಂಗ ಐತಿ."

ಟೈಲಿನ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. "ಹಂಗಾರ ಎತ್ತು ಹೆಂಗ ಏಳತೈತಿ, ನೀವ ತೋರಸ್ರಿ," ಎಂದೆ, ಸ್ವಲ್ಪ ಜೋರಾಗಿಯೇ. ಅವನು ಬಾಟಲಿ ಕೆಳಗಿಟ್ಟ. ಸುತ್ತ ಹನ್ನೊಂದು ಜನ ನೋಡುತ್ತಿದ್ದಾರೆಂಬ ನಾಚಿಕೆಯಿಲ್ಲದೆ ನೆಲದ ಮೇಲೆ ಕೈಕಾಲು ಮಡಚಿ ಕುಳಿತ. ಮೊದಲು ಅವನ ಸೊಂಟ ಮೇಲೆದ್ದಿತು. ಮುಂದಿನ ಮೊಣಕಾಲುಗಳ ಹಾಗೆ ಮೊಣಕೈಗಳನ್ನು ಊರಿಕೊಂಡು, ತಲೆ ತಗ್ಗಿಸಿ ಒಂದು ಕ್ಷಣ ಉಸಿರು ತೆಗೆದುಕೊಂಡ. ಆಮೇಲೆ ಒಂದು ಕೈ, ಆಮೇಲೆ ಇನ್ನೊಂದು.

"ಎತ್ತು ಹಿಂದಿಂದ ಏಳತೈತ್ರಿ, ಕುದರಿ ಮುಂದಿಂದ. ಇಷ್ಟ," ಎಂದು ಬಾಟಲಿ ಎತ್ತಿಕೊಂಡು ಹೊರಟುಹೋದ.

ನಮ್ಮ ಎತ್ತನ್ನು ಮತ್ತೆ ನೋಡಿದೆ. ಮುಂಗಾಲು ಚಾಚಿ, ಎದೆಯೆತ್ತಿ, ರಾಜಕುಮಾರನ ಕುದುರೆಯ ಹಾಗೆ ಠೀಕಾಗಿ ಏಳುತ್ತಿತ್ತು. ತಪ್ಪಾದದ್ದು ಎಲ್ಲಿ ಎಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಏಳು ಕೋಟೆಗಳ ಯುದ್ಧಕ್ಕಾಗಿ ನಾವು ಕುದುರೆಗಳನ್ನು ಸಾವಿರ ಸಲ ಬೀಳಿಸಿ ಎಬ್ಬಿಸಿದ್ದೆವು. ಅದೇ ಚಲನೆಯನ್ನು ತಂದು ಎತ್ತಿನ ಮೈಗೆ ತೊಡಿಸಿದ್ದೆವು. ನಮ್ಮ ಹನ್ನೊಂದು ಜನರೂ ಫ್ಲಾಟುಗಳಲ್ಲಿ ಬೆಳೆದವರು, ನಿರ್ದೇಶಕರೂ ಪಟ್ಟಣದವರೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಒಬ್ಬರಾದರೂ ತಡೆದು ಕೇಳಲಿಲ್ಲ. ನನ್ನದಂತೂ ಇನ್ನೂ ಚೆಂದ. ನಾನು ಕಂಡ ಎತ್ತುಗಳು ಮಣ್ಣಿನವು. ಪೂಜೆ ಮುಗಿದ ಮೇಲೆ ನೀರಿಗೆ ಬಿಡುವವರೆಗೂ ಅವು ಒಂದು ಸಲವೂ ಎದ್ದಿರಲಿಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಕೆಲಸಗಳ ವೇಳಾಪಟ್ಟಿ ನೋಡಿಕೊಳ್ಳುವವಳು ಕುಮುದಾ. ಬೀದರಿನವಳು, ಇಬ್ಬರೇ ಇದ್ದಾಗ ನಮ್ಮದು ಕನ್ನಡ. ವಿಷಯ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡಳು.

"ಶೈಲಾ, ತಲಿ ನೆಟ್ಟಗೈತೇನ ನಿಂದು? ಡೈರೆಕ್ಟರ್ ಒಪ್ಪ್ಯಾರ, ಹೀರೋ ಒಪ್ಪ್ಯಾನ. ಶುಕ್ರವಾರ ಕೊಟ್ಟು ಕೈ ತೊಳಕೊಳ್ಳೂದು ಬಿಟ್ಟು, ನಮ್ಮ ತಪ್ಪು ನಾವ ಹೇಳೂಣಂತೀ? ಯಾರಿಗೆ ಕಾಣತೈತಿ?"

ಅವಳು ಆ ಮಾತು ಆಡುವಾಗ ಆಚೆ ಹಾಲ್‌ನಿಂದ ಟೈಲು ಕೊಯ್ಯುವ ಸದ್ದು ಬರುತ್ತಿತ್ತು.

"ದ್ಯಾವಪ್ಪಗ ಕಾಣತೈತಿ."

"ಟೈಲ್ಸಿನವಗ?"

"ಹ್ಞೂ. ಈ ಸಿನಿಮಾ ನೋಡೂ ಮಂದಿಯೊಳಗ ಎತ್ತು ಕಟ್ಟಿದವರು ಎಷ್ಟು ಅದಾರ ಲೆಕ್ಕ ಹಾಕೀಯೇನು? ಇಡೀ ಟಾಕೀಸು ಅಳೂ ಹೊತ್ತಿನ್ಯಾಗ ಅವರು ನಗತಾರ. ಮತ್ತ ಇಲ್ನೋಡು, ಈಗ ನನಗೂ ಕಾಣಾಕತ್ತೈತಿ. ಕಂಡ ಮ್ಯಾಲೆ ಹೆಂಗ ಬಿಡ್ಲಿ?"

ಕುಮುದಾ ನಿಟ್ಟುಸಿರು ಬಿಟ್ಟು ಫೋನನ್ನು ನನ್ನ ಕಡೆ ತಳ್ಳಿದಳು. "ನೀನ ಮಾತಾಡು. ಆನಿ ಹೋದ್ರ ನನ್ನ ಮುಂದ ಅಳಬ್ಯಾಡ."

ನಿರ್ದೇಶಕರಿಗೆ "ಎದ್ದು ತಪ್ಪುಗಾ ಲೇಸ್ತೋಂದಿ ಸಾರ್" ಎಂದೆ. ಎತ್ತು ತಪ್ಪಾಗಿ ಏಳುತ್ತಿದೆ ಎಂದು ಒಪ್ಪಿಕೊಂಡೆ, ಕುದುರೆಯ ಕತೆಯನ್ನೂ ಮುಚ್ಚಿಡಲಿಲ್ಲ. ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ನಾಯಕನ ಕೈ ಎತ್ತಿನ ಕೊರಳ ಮೇಲಿದೆ, ಕೊರಳಿನ ಜೊತೆಗೇ ಮೇಲೇಳುತ್ತದೆ. ಮೊದಲು ಎತ್ತಿನ ಹಿಂಭಾಗ ಎದ್ದರೆ ಆ ಕೈ ಗಾಳಿಯಲ್ಲಿ ಏನು ಮಾಡಬೇಕು? ಸ್ವಲ್ಪ ಸಮಯ ಕೊಡಿ ಸಾರ್ ಎಂದೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇನೆ ಎಂದರು. ಅಷ್ಟರಲ್ಲಿ ಸರಿಯಾಗಿದ್ದರೆ ಸರಿ. ಇಲ್ಲವಾದರೆ ಹಳೆಯದೇ ಹೋಗುತ್ತದೆ, ಆನೆಗಳು ಮುಂಬಯಿಗೆ ಹೋಗುತ್ತವೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನನಗೆ ಮೀಸೆ ಇಲ್ಲ, ಆದರೂ ಮಣ್ಣಾಗಬಾರದು ಎಂಬ ಹಟ ಮಾತ್ರ ಇತ್ತು.

ಗುರುವಾರ ಬೆಳಿಗ್ಗೆ ದ್ಯಾವಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಚೇವೆಳ್ಳದ ಆಚೆಗಿನ ಒಂದು ಹಳ್ಳಿಗೆ ಹೋದೆ. ಅವನ ಜೊತೆ ಸಿಮೆಂಟು ಕಲಸುವವನ ಭಾವ ಅಲ್ಲಿ ಒಂದು ಜೋಡಿ ಸಾಕಿದ್ದ. ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಎತ್ತುಗಳೆದುರು ಎರಡು ತಾಸು ಕುಳಿತೆವು. ಅವು ಏಳಲೊಲ್ಲವು. ಎಬ್ಬಿಸೋಣವೇ ಎಂದರೆ ದ್ಯಾವಪ್ಪ ಬೇಡವೆಂದ. "ತಾನ ಎದ್ದಾಗ ನೋಡ್ರಿ ಅಕ್ಕಾರ. ನಿಮ್ಮ ಗಡಿಬಿಡಿ ಅದಕ್ಯಾಕ?"

ಕೊನೆಗೂ ಒಂದು ಎದ್ದಿತು. ಅವನು ತೋರಿಸಿದ ಹಾಗೆಯೇ ಮೊದಲು ಹಿಂಗಾಲು, ಆಮೇಲೆ ಮೊಣಕಾಲ ಮೇಲೆ ಒಂದು ತಡೆ. ಅಷ್ಟು ದೊಡ್ಡ ಪ್ರಾಣಿ ಹಣೆಯನ್ನು ನೆಲದ ಕಡೆ ತಗ್ಗಿಸಿ, ಮುಂದಿನ ಭಾರ ಎತ್ತಲಾದೀತೇ ಎಂದು ತನ್ನೊಳಗೇ ಕೇಳಿಕೊಳ್ಳುತ್ತಿದ್ದಂತಿತ್ತು. ಆಮೇಲೆ ಅದು ಎದ್ದುನಿಂತು, ಬೆನ್ನು ಚಾಚಿ, ಧಾರಾಳವಾಗಿ ಉಚ್ಚೆ ಹೊಯ್ಯಿತು. ಅದೊಂದನ್ನು ಸಿನಿಮಾಕ್ಕೆ ಬಿಟ್ಟುಬಿಡುವುದು ಎಂದು ಅಲ್ಲೇ ತೀರ್ಮಾನಿಸಿದೆ.

ಕೈಯ ಪ್ರಶ್ನೆಗೆ ಉತ್ತರ ಆ ತಡೆಯಲ್ಲೇ ಇತ್ತು. ಮೂಟೆಯಿಂದ ಕೈ ಏಳುವ ಮೊದಲು ನಾಯಕ ಕೈಯನ್ನು ಅಲ್ಲಾಡಿಸದೆ ಅಳುವ ಒಂದು ತುಣುಕಿತ್ತು. ನಲವತ್ತು ಫ್ರೇಮು, ಎಂದರೆ ಎರಡು ಸೆಕೆಂಡಿಗೂ ಕಡಿಮೆ. ಉದ್ದವಾಯಿತೆಂದು ಅದನ್ನು ಕತ್ತರಿಸಿ ಬಿಸಾಕಿದ್ದರು. ಸಂಕಲನದವರನ್ನು ಕಾಡಿ ಬೇಡಿ ಅದನ್ನು ವಾಪಸು ತರಿಸಿಕೊಂಡೆ. ಆ ಹೊತ್ತಿನಲ್ಲಿ ಹಿಂಗಾಲುಗಳು ಏಳುತ್ತವೆ, ಎತ್ತು ಮೊಣಕಾಲೂರಿ ಹಣೆಯನ್ನು ನಾಯಕನ ಎದೆಗೆ ತಂದು ನಿಲ್ಲಿಸುತ್ತದೆ. ಆಮೇಲೆ ಕೊರಳೂ ಕೈಯೂ ಒಟ್ಟಿಗೆ ಮೇಲೇಳುತ್ತವೆ. ನಾಯಕ ಅತ್ತದ್ದಕ್ಕೂ ಈಗ ಒಂದು ಕಾರಣ ಸಿಕ್ಕಿತು. ಶನಿವಾರ, ಭಾನುವಾರ ನಮ್ಮ ಹನ್ನೊಂದು ಜನರಲ್ಲಿ ಒಬ್ಬರೂ ರಜೆ ಕೇಳಲಿಲ್ಲ.

ಸೋಮವಾರ ನಿರ್ದೇಶಕರು ಬಂದು ಮೂರು ಸಲ ನೋಡಿದರು. ಮೂರನೆಯ ಸಲ ಕನ್ನಡಕ ತೆಗೆದು ಒರೆಸಿಕೊಂಡರು. "ಇಪ್ಪುಡು ಎದ್ದು ಲೇಚಿಂದಿ," ಎಂದರು. ಈಗ ಎತ್ತು ಎದ್ದಿತು ಎಂದರ್ಥ. ನಮ್ಮ ಕನ್ನಡದಲ್ಲಿ ಎದ್ದು ಎಂದರೇನೇ ಎದ್ದ ಹಾಗೆ ಸಾರ್ ಎಂದು ವಿವರಿಸಿದೆ. ಅವರು ನಕ್ಕು, ಹೋಗುವಾಗ ಬಾಗಿಲಲ್ಲಿ ತಿರುಗಿ, "ಏನುಗುಲು ಮೀವೇ," ಎಂದರು. ಆನೆಗಳು ನಿಮ್ಮವೇ. ಕುಮುದಾ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು, ನೋವಾಗುವಷ್ಟು ಜೋರಾಗಿ.

ನಾನು ಗೆದ್ದೆ ಎಂದು ಆಗ ಅಂದುಕೊಂಡೆ. ಆದರೂ ಏನೋ ಬಾಕಿ ಉಳಿದ ಹಾಗಿತ್ತು.

ಹೊಸ ಹಾಲ್‌ನ ಕೆಲಸ ಮುಗಿದದ್ದು ಆ ಬುಧವಾರ. ದ್ಯಾವಪ್ಪ ಸಾಮಾನು ಕಟ್ಟುತ್ತಿದ್ದಾಗ ನಾನು ಚಪ್ಪಲಿ ಬಿಟ್ಟು ನೆಲದ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಪಾದಕ್ಕೆ ಎಲ್ಲೂ ಒಂದು ಅಂಚೂ ತಾಗಲಿಲ್ಲ. ಅವನು ನೋಡುತ್ತಿದ್ದ.

"ಭಾಳ ಚಲೋ ಆಗೈತ್ರಿ," ಎಂದೆ.

"ನಿಮ್ಮ ಕುದರಿ ಏನಾತ್ರಿ?"

ಕರೆದುಕೊಂಡು ಹೋಗಿ ನನ್ನ ಕುರ್ಚಿಯಲ್ಲೇ ಕೂರಿಸಿದೆ. ಸಿಮೆಂಟು ಹತ್ತೀತೆಂದು ಅಂಚಿಗೆ ಕುಳಿತ. ಶಾಟ್ ಹಾಕಿ, ಪರದೆಯನ್ನು ಬಿಟ್ಟು ಅವನ ಮುಖ ನೋಡುತ್ತ ನಿಂತೆ. ನಿರ್ದೇಶಕರ ಮುಂದೆ ಹೊಡೆದುಕೊಳ್ಳದ ಎದೆ ಅಲ್ಲಿ ಹೊಡೆದುಕೊಂಡಿತು.

ಎತ್ತಿನ ಹಿಂಗಾಲು ಏಳುತ್ತಿದ್ದಂತೆ ದ್ಯಾವಪ್ಪ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ. ಎತ್ತು ಮೊಣಕಾಲ ಮೇಲೆ ತಡೆದಾಗ ಅವನೂ ಕುರ್ಚಿಯಿಂದ ಅರ್ಧ ಮೇಲೆದ್ದ. ನಾಲಿಗೆಯಿಂದ ಸಣ್ಣಗೆ ಒಂದು ಲೊಚಗುಟ್ಟುವ ಸದ್ದು ಬಂತು, ಬಲಗೈ ತಾನಾಗಿಯೇ ಮುಂದೆ ಚಾಚಿ ಬಾಲದ ಬುಡಕ್ಕೆ ಆಸರೆ ಕೊಡುವ ಹಾಗೆ ಗಾಳಿಯಲ್ಲಿ ನಿಂತಿತು. ಎತ್ತು ಎದ್ದು ನಿಂತ ಮೇಲೆ ಅವನು ಕೈ ಕೆಳಗಿಳಿಸಿದ. ಪರದೆಯ ಮೇಲಿನ ಎತ್ತನ್ನೇ ನೋಡುತ್ತ ಹುಬ್ಬು ಗಂಟಿಕ್ಕಿದ.

"ಎಡಗಾಲು ಉಳುಕೈತ್ರಿ ಅಕ್ಕಾರ," ಎಂದ. "ಎರಡ ದಿನ ನೊಗಕ್ಕ ಹೂಡಬ್ಯಾಡ್ರಿ ಇದನ್ನ."

"ಹೂಡಂಗಿಲ್ರಿ," ಎಂದೆ.