ಅಪ್ಪನ ಸ್ಕೂಟರಿನ ಗಾಳಿ

ಮಳೆ ನಿಂತ ಬೀದಿಯ ತಿರುವಿನಲ್ಲಿ ಟೈಲರಮ್ಮನ ಸ್ಕೂಟರ್ ಮತ್ತೆ ಜಾರಿತು. ಹಿಂದೆ ಕೂತಿದ್ದ ಮಗಳ ಮೊಣಕಾಲು ತರಚಿತು.

"ಇನ್ಮೇಲೆ ನಾನು ನಡ್ಕೊಂಡೇ ಹೋಗ್ತೀನಮ್ಮ," ಎಂದಳು ಮಗಳು.

ಚಿಕ್ಕವಳಿದ್ದಾಗ ಇದೇ ಸ್ಕೂಟರಿನಲ್ಲಿ, ಬ್ರೆಡ್ ಮಾರುತ್ತಿದ್ದ ಅಪ್ಪನ ತೋಳುಗಳ ನಡುವೆ ನಿಂತು, ಹಿಂದಿನ ಪೆಟ್ಟಿಗೆಗಳ ಬಿಸಿ ಬ್ರೆಡ್ಡಿನ ವಾಸನೆ ಹೀರುತ್ತಾ ಊರೆಲ್ಲ ಸುತ್ತಿದವಳು ಟೈಲರಮ್ಮ. ಒಮ್ಮೆಯೂ ಭಯವಾಗಿರಲಿಲ್ಲ.

ಸುದ್ದಿ ಕೇಳಿ ಪಕ್ಕದ ಮನೆಯ ಬಸ್ ಡ್ರೈವರ್ ಅಕ್ಕ ಬಂದರು. "ಟೈರಿನ ಗಾಳಿ ಅಳೆಸಿದ್ಯೇನೇ?"

"ಅಳೆಯೋದ್ಯಾಕಕ್ಕ? ಅಪ್ಪ ಬೆರಳ ಗಂಟಿಂದ ಟೈರ್ ಬಡಿದು ನೋಡೋರು. ಟಣ್ ಅಂದ್ರೆ ಸರಿ. ನಾನೂ ಹಾಗೇ."

"ಬೆಳಿಗ್ಗೆ ಬರ್ತೀನಿ, ಗಾಡಿ ತೆಗೀಬೇಡ. ಓಡಿದ ಟೈರ್ ಬಿಸಿಯಾಗಿ, ಗಾಳಿ ಜಾಸ್ತಿ ಇದೆ ಅಂತ ಸುಳ್ಳು ಹೇಳುತ್ತೆ. ತಣ್ಣಗಿದ್ದಾಗ್ಲೇ ಅಳೀಬೇಕು."

ಬೆಳಿಗ್ಗೆ ಅಕ್ಕ ಗಾಳಿ ಅಳೆಯುವ ಮೀಟರನ್ನು ಹಿಂದಿನ ಚಕ್ರಕ್ಕೆ ಒತ್ತಿದರು. "ಅಬ್ಬಾ, ಎಷ್ಟು ತುಂಬ್ಸಿದ್ಯೇ! ನೋಡು, ಟೈರಿನ ನಡು ಮಾತ್ರ ಸವೆದಿದೆ. ಅತಿಯಾಗಿ ಉಬ್ಬಿದ್ರೆ ರಸ್ತೆಗೆ ತಾಗೋದು ಇಷ್ಟೇ ಇಷ್ಟಗಲ. ಹಿಡಿತ ಎಲ್ಲಿಂದ ಬರ್ಬೇಕು?"

"ಹಾಗಾದ್ರೆ ಅರ್ಧ ಬಿಟ್ಬಿಡೋಣ."

"ಆದ್ರೆ ಅತಿವೃಷ್ಟಿ, ಇಲ್ದಿದ್ರೆ ಅನಾವೃಷ್ಟಿ! ಕಡಿಮೆಯಾದ್ರೆ ಗಾಡಿ ಓಲಾಡುತ್ತೆ, ಟೈರ್ ಕಾಯುತ್ತೆ. ಎಷ್ಟಿರ್ಬೇಕು ಅಂತ ಕಂಪನಿಯೋರೇ ಇಲ್ಲಿ ಚೀಟಿ ಅಂಟಿಸಿದ್ದಾರಲ್ಲ." ಸೀಟಿನ ಕೆಳಗಿನ ಧೂಳನ್ನು ಅಕ್ಕ ಒರೆಸಿದರು. ಮುಂದಿನ ಚಕ್ರಕ್ಕೆ ಒಂದು ಲೆಕ್ಕ, ಹಿಂದಿನದಕ್ಕೆ ಇನ್ನೊಂದು. ಹಿಂದೆ ಯಾರಾದರೂ ಕೂತರೆ ಬೇರೆ.

"ಅಂದ್ರೆ ನಮ್ಮಪ್ಪಂದು ತಪ್ಪಾ?" ಟೈಲರಮ್ಮ ತಟ್ಟನೆ ಕೇಳಿದಳು.

"ಯಾರು ಹಾಗಂದ್ರು? ಅವರು ಬ್ರೆಡ್ ಪೆಟ್ಟಿಗೆ ಹೊರೋರು. ಆ ಭಾರಕ್ಕೆ ಆ ಗಾಳಿ. ನಿನ್ನ ಹಿಂದೆ ಕೂರೋದು ಗುಬ್ಬಚ್ಚಿಯಂಥ ಮಗು ಕಣೇ."

ಹೆಚ್ಚಿನ ಗಾಳಿ ಬಿಡಲು ಟೈಲರಮ್ಮನ ಕೈ ಹಿಂಜರಿಯಿತು. "ಅಪ್ಪನ ಗಾಳಿ, ಅಕ್ಕ..."

"ಅಪ್ಪಂದೆಲ್ಲಿ ಬಂತು? ಹೋದ ವಾರ ಪೆಟ್ರೋಲ್ ಬಂಕಲ್ಲಿ ತುಂಬ್ಸಿದ್ದು!"

ಕಣ್ಣು ಒದ್ದೆಯಾಗಿದ್ದರೂ ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಬುಸ್ಸೆಂದು ಗಾಳಿ ಹೊರಟಿತು. ಮೀಟರಿನ ಮುಳ್ಳು ಸರಿಯಾದ ಅಂಕಿಗೆ ಬಂದಾಗ ನಿಲ್ಲಿಸಿದಳು.

ಅಂದು ಮಗಳನ್ನು ಒಪ್ಪಿಸಿ ಹಿಂದೆ ಕೂರಿಸಿಕೊಂಡು, ಒದ್ದೆ ತಿರುವಿನಲ್ಲಿ ನಿಧಾನಕ್ಕೆ ಗಾಡಿ ತಿರುಗಿಸಿದಳು. ಸ್ಕೂಟರ್ ಜಾರಲಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಮಗಳ ಕೆನ್ನೆ ಒರಗಿತು.

ಓದುವವರೇ, ನಿಮ್ಮ ಮನೆಯಲ್ಲೂ ಹಿರಿಯರ ಗಾಡಿ ಇರಬಹುದು, ಅವರ ನೆನಪೂ ಇರಬಹುದು. ನೆನಪು ಹಾಗೇ ಇರಲಿ, ಗಾಳಿಯನ್ನು ಮಾತ್ರ ಅಳೆಯಿರಿ, ಟೈರ್ ತಣ್ಣಗಿರುವಾಗ, ತಿಂಗಳಿಗೊಮ್ಮೆಯಾದರೂ. ಅಂದು ಎಷ್ಟು ಭಾರ ಹೊರುತ್ತಿತ್ತು ಎಂದಲ್ಲ, ಇಂದು ಯಾರು ಕೂರುತ್ತಾರೋ ಅವರಿಗೆ ತಕ್ಕಷ್ಟು ತುಂಬಿಸಿ.