ಸ್ವಾಮಿಗಳ ದಿನದ ಉಪ್ಪು

ತಿಂಗಳ ಎರಡನೆಯ ಭಾನುವಾರ ಆ ಕೇರಿಗೆ ಸ್ವಾಮಿಗಳ ದಿನ. ಪೆರೇಸಂದ್ರದ ಬಸ್ಸು ರಸ್ತೆಯಿಂದ ಒಂದು ಮೈಲಿ ಒಳಕ್ಕೆ, ಹಿಪ್ಪುನೇರಳೆ ತೋಟಗಳ ನಡುವೆ ಹದಿನಾಲ್ಕು ಕ್ರೈಸ್ತ ಮನೆಗಳು, ಒಂದು ಹೆಂಚಿನ ಗುಡಿ. ಗುಡಿಯಲ್ಲಿ ಸಂತ ಅಂತೋಣಿಯವರು ತಿಂಗಳ ಮೂವತ್ತು ದಿನವೂ ನಿಂತಿರುತ್ತಿದ್ದರು. ಪೂಜೆ ಮಾಡುವ ಸ್ವಾಮಿಗಳು ಮಾತ್ರ ಚಿಕ್ಕಬಳ್ಳಾಪುರದಿಂದ ಬರಬೇಕಾಗಿತ್ತು. ಶನಿವಾರ ಸಂಜೆಯ ಬಸ್ಸಿನಿಂದ ಇಳಿದು, ನಡೆದು ಬಂದು, ಎಲ್ಲರ ಪಾಪನಿವೇದನೆ ಕೇಳಿ, ಗುಡಿಯ ಪಕ್ಕದ ಕೋಣೆಯಲ್ಲಿ ಮಲಗುವರು. ಬೆಳಿಗ್ಗೆ ಎಂಟಕ್ಕೆ ಪೂಜೆ. ಅದಾದ ಮೇಲೆ ಮದಲೇನಮ್ಮನ ಮನೆಯಲ್ಲಿ ತಿಂಡಿ. ಆ ತಿಂಡಿಯ ಹಕ್ಕನ್ನು ಮದಲೇನಮ್ಮ ಮೂವತ್ತು ವರ್ಷದಿಂದ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಲೂರ್ದಮ್ಮ ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ತೊಂಡೇಬಾವಿ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್ ಆಗಿದ್ದ ಇನ್ನಾಸಪ್ಪನ ಮಗಳು ಅವಳು. ಹತ್ತು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಒಲೆ ಅವಳದೇ. ಅಪ್ಪ ಹಗಲೆಲ್ಲ ಕಂಬಿಯ ಮೇಲೆ ಬೆವರು ಸುರಿಸಿ ಬರುವವನು, ಊಟಕ್ಕೆ ಕೂತರೆ ಉಪ್ಪು ಸರಿಯಾಗಿರಬೇಕು. "ಉಪ್ಪು ನೋಡ್ದೆ ಬಡಿಸ್ಬೇಡಮ್ಮಾ" ಎಂದು ಅವನು ಹೇಳಿದ್ದು ಒಂದೇ ಸಲ. ಮಗಳು ಅದನ್ನು ಜಪದ ಹಾಗೆ ಹಿಡಿದಳು. ಸಾರು ಕುದಿ ಬಂದರೆ ಸಾಕು, ಸೌಟು ತಾನಾಗಿ ಎಡಗೈಯ ಅಂಗೈಗೆ ಒಂದು ತೊಟ್ಟು ಬಿಡುತ್ತಿತ್ತು, ನಾಲಿಗೆ ತಾನಾಗಿ ಅದನ್ನು ನೆಕ್ಕುತ್ತಿತ್ತು. ಮದುವೆಯ ಹೊತ್ತಿಗೆ ಆ ಕೈಗೆ ಅವಳ ಅಪ್ಪಣೆಯೇ ಬೇಕಾಗಿರಲಿಲ್ಲ.

ಆಗಿನ ಕಟ್ಟಳೆ ಈಗಿನಷ್ಟು ಸಲೀಸಲ್ಲ. ಇದು ಐವತ್ತನಾಲ್ಕನೆಯ ಇಸವಿಯ ಮಾತು. ಪೂಜೆಯಲ್ಲಿ ಯೇಸುಸ್ವಾಮಿಯ ದೇಹವೆಂದು ನಾಲಿಗೆಯ ಮೇಲಿಡುವ ಪರಮಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದಲೇ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ. ಅನ್ನದ ಒಂದು ಅಗುಳೂ ಇಲ್ಲ, ಕಾಫಿಯ ಒಂದು ಗುಟುಕೂ ಇಲ್ಲ. ಬಾಯಾರಿದರೆ ನೀರು ಕುಡಿಯಬಹುದು ಎಂದು ಹಿಂದಿನ ವರ್ಷವಷ್ಟೇ ರೋಮಾಪುರಿಯಿಂದ ಅಪ್ಪಣೆ ಬಂದಿತ್ತು. ಮದಲೇನಮ್ಮ ಅದನ್ನೂ ಒಪ್ಪಿರಲಿಲ್ಲ. "ರೋಮಾಪುರಿಯೋರಿಗೆ ಬಾಯಾರಿಕೆ ಜಾಸ್ತಿ ಇರ್ಬೇಕು. ನಮ್ಗೇನು ಕಮ್ಮಿ ಆಗಿದೆ?" ಎಂದು ಬಾಯಿಗೆ ಬೀಗ ಹಾಕಿಕೊಂಡೇ ಒಲೆಯ ಮುಂದೆ ಕೂರುವಳು. ರುಚಿ ನೋಡದೆಯೇ ಸ್ವಾಮಿಗಳ ಅಡುಗೆ ಮಾಡುವುದು ಅವಳ ಹೆಮ್ಮೆ. ಬಡಿಸಿ ಉಳಿದದ್ದನ್ನೂ ಕೇರಿಯ ಮಕ್ಕಳಿಗೆ ಹಂಚಿ ತಾನು ತಂಗಳು ಮುದ್ದೆ ತಿನ್ನುವಳು. "ನಂದು ಕೈಯಳತೆ ಕಣೇ. ಮೂವತ್ತು ವರ್ಷದಲ್ಲಿ ಒಬ್ರೂ ಉಪ್ಪು ಹೆಚ್ಚು ಅಂದಿಲ್ಲ, ಕಮ್ಮಿ ಅಂದಿಲ್ಲ" ಎಂದು ಸೊಸೆಗೆ ಬಂದ ಮೊದಲ ವಾರವೇ ಹೇಳಿದ್ದಳು.

ಈ ಸಲದ ಭಾನುವಾರಕ್ಕೆ ಎರಡು ವಿಶೇಷಗಳಿದ್ದವು. ಒಂದು, ಮದಲೇನಮ್ಮನ ಗಂಡ ಚೌರಪ್ಪ ತೀರಿಕೊಂಡು ಅಂದಿಗೆ ಸರಿಯಾಗಿ ವರ್ಷ. ಪೂಜೆ ಅವನ ಆತ್ಮಶಾಂತಿಗಾಗಿ. ಆ ದಿನ ತಾನು ತೆಗೆದುಕೊಳ್ಳುವ ಪ್ರಸಾದವನ್ನು ಅವನಿಗೆಂದೇ ಒಪ್ಪಿಸಬೇಕೆಂದು ಅವಳು ತಿಂಗಳಿನಿಂದ ಹೇಳಿಕೊಂಡು ಓಡಾಡಿದ್ದಳು. ಇನ್ನೊಂದು, ಲೂರ್ದಮ್ಮನಿಗೆ ಗಂಡನ ಊರಿನಲ್ಲಿ ಇದೇ ಮೊದಲ ಪೂಜೆ.

ಹೊಸ ಸೊಸೆಯ ಮೊದಲ ಪೂಜೆಯೆಂದರೆ ಕೇರಿಯ ಕಣ್ಣೆಲ್ಲ ಅವಳ ಮೇಲೆ. ಅದರಲ್ಲೂ ತ್ರೇಜಮ್ಮನ ಕಣ್ಣು. ತ್ರೇಜಮ್ಮ ಕೆಟ್ಟವಳೇನಲ್ಲ, ಮಾತನ್ನು ಅರ್ಧಕ್ಕೆ ನಿಲ್ಲಿಸುವ ಚಾಳಿಯವಳು, ಅಷ್ಟೆ. ಎರಡು ವರ್ಷದ ಹಿಂದೆ ಹೀಗೇ ಒಬ್ಬ ಹೊಸ ಸೊಸೆ ಪ್ರಸಾದಕ್ಕೆ ಏಳಲಿಲ್ಲ. ಪಾಪ ಮೈಮೇಲಿದ್ದವರು ಪ್ರಸಾದ ಮುಟ್ಟುವಂತಿಲ್ಲ ಎನ್ನುವುದು ಕೇರಿಗೆಲ್ಲ ಗೊತ್ತು. "ನಿನ್ನೆ ಸಂಜೆ ಪಾಪನಿವೇದನೆ ಮಾಡಿದ್ಲು, ಇವತ್ತು ಏಳ್ಲಿಲ್ಲ. ಅಂದ್ರೆ ರಾತ್ರಿ ಬೆಳಗಾಗೋದ್ರೊಳ್ಗೆ..." ಎಂದು ತ್ರೇಜಮ್ಮ ಬಾಯಿ ಮುಚ್ಚಿಕೊಂಡಳು. ಆ ಉಳಿದರ್ಧವನ್ನು ಒಂದೊಂದು ಮನೆ ಒಂದೊಂದು ಥರ ತುಂಬಿತು. ಕೆಮ್ಮಿಗೆ ಕಷಾಯ ಕುಡಿದುಬಿಟ್ಟಿದ್ದೆ ಎಂದು ಆ ಹುಡುಗಿ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಆರು ತಿಂಗಳಿಗೆ ಗಂಡ ಹೆಂಡತಿ ಊರನ್ನೇ ಬಿಟ್ಟರು. ಈ ಕಥೆಯನ್ನು ಲೂರ್ದಮ್ಮನಿಗೆ ಗಂಡ ರಾಯಪ್ಪನೇ ಹೇಳಿದ್ದ. ಸುಮ್ಮನೆ ಮಾತಿಗೆ ಹೇಳಿದ್ದು. ಅವಳಿಗೆ ಮಾತ್ರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಶನಿವಾರ ಸಂಜೆ ಅತ್ತೆ ಸೊಸೆ ಕೂತು ನೆನೆಸಿದ ಅವರೆಕಾಳು ಹಿತಕಿದರು. ಡಿಸೆಂಬರಿನ ಸೊಗಡಿನ ಅವರೆ. ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಕಾಳು ಪುಳಕ್ಕನೆ ಜಿಗಿಯುತ್ತಿತ್ತು. ಬೆಳಿಗ್ಗೆ ಹಿತಕಿದ ಬೇಳೆ ಸಾರು, ದೋಸೆ. "ನಾಳೆ ಸಾರು ನೀನೇ ಮಾಡಮ್ಮಾ. ನೋಡೋಣ ತೊಂಡೇಬಾವಿ ಕೈನ" ಎಂದಳು ಮದಲೇನಮ್ಮ. ಮೂವತ್ತು ವರ್ಷ ಬಿಗಿಹಿಡಿದ ಸೌಟನ್ನು ಅವಳು ಹೀಗೆ ಬಿಟ್ಟುಕೊಟ್ಟದ್ದು ಕಂಡು ರಾಯಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಲೂರ್ದಮ್ಮನಿಗೆ ಸಂತೋಷದಿಂದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಏಳೂವರೆಗೆ ಗುಡಿಯ ಮೊದಲ ಗಂಟೆ ಹೊಡೆಯಿತು. ಪಕ್ಕದ ಹೊಲದ ಮನೆಯ ಅಕ್ಕಯಮ್ಮ ಸ್ವಾಮಿಗಳ ಕಾಫಿಗೆಂದು ಹಾಲು ತಂದು ಬಾಗಿಲಲ್ಲಿಟ್ಟು ಹೋದಳು. ಅವಳದು ವೆಂಕಟರಮಣನ ಒಕ್ಕಲು, ಆದರೂ ಎರಡನೆಯ ಭಾನುವಾರದ ಹಾಲು ಅವಳದೇ. ಒಲೆಯ ಮೇಲೆ ಸಾರು ಕುದಿ ಬಂತು. ಕೊತ್ತಂಬರಿ, ಚಕ್ಕೆ, ಅವರೆಯ ಸೊಗಡು ಎಲ್ಲ ಸೇರಿ ಮನೆ ತುಂಬ ಘಮಘಮ. ಲೂರ್ದಮ್ಮ ಸೌಟಿನಲ್ಲಿ ತಿರುವಿದಳು, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡಳು, ನೆಕ್ಕಿದಳು. ಒಂದು ಹರಳು ಉಪ್ಪು ಸಾಲದು ಅನ್ನಿಸಿ ಉಪ್ಪಿನ ಮಡಕೆಗೆ ಕೈ ಹಾಕಿದಳು.

ಆಗ ತಿಳಿಯಿತು.

ಕೈ ಉಪ್ಪಿನಲ್ಲೇ ನಿಂತಿತು. ಉಗುಳಲು ಬಾಯಲ್ಲಿ ಏನೂ ಉಳಿದಿರಲಿಲ್ಲ. ಹಿತ್ತಿಲಲ್ಲಿ ಅತ್ತೆ ಕೋಳಿಗಳನ್ನು ಗದರುವುದು ಕೇಳಿಸುತ್ತಿತ್ತು. ಯಾರೂ ನೋಡಿರಲಿಲ್ಲ. ಸುಮ್ಮನೆ ಸೆರಗು ಹೊದ್ದು, ಎಲ್ಲರ ಹಿಂದೆ ಹೋಗಿ ಮಂಡಿಯೂರಿ ನಾಲಿಗೆ ಚಾಚಿದರೆ ಮುಗಿಯಿತು, ಕೇರಿ ಭೇಷ್ ಅನ್ನುತ್ತದೆ. ಈ ಯೋಚನೆ ಬಂದದ್ದಕ್ಕೇ ಅವಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಸಾರು ನೆಕ್ಕಿದ ನಾಲಿಗೆಯ ಮೇಲೆ ಯೇಸುಸ್ವಾಮಿಯನ್ನು ಹೇಗೆ ಇಟ್ಟುಕೊಳ್ಳುವುದು? ಇಟ್ಟುಕೊಳ್ಳದಿದ್ದರೆ ತ್ರೇಜಮ್ಮ. ಅತ್ತ ದರಿ, ಇತ್ತ ಪುಲಿ ಅನ್ನುವ ಹಾಗಾಯಿತು ಅವಳ ಪಾಡು. ಒಲೆಯ ಮುಂದೆ ಕುಕ್ಕರಿಸಿ ಅಳತೊಡಗಿದಳು.

ಮದಲೇನಮ್ಮ ಒಳಗೆ ಬಂದಳು. "ಏನಾಯ್ತೇ? ಕೈ ಸುಟ್ಕೊಂಡ್ಯಾ?"

"ಉಪ್ಪು ನೋಡ್ಬಿಟ್ಟೆ ಅತ್ತೆ."

ಮದಲೇನಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪೇರಿತು. "ಕೈಗೆ ಬುದ್ಧಿ ಬೇಡ್ವೇನೇ? ಇವತ್ತೇ ಆಗ್ಬೇಕಿತ್ತಾ ಇದು? ನಿಮ್ಮ ಮಾವನ ದಿನಾನೇ ಆಗ್ಬೇಕಿತ್ತಾ?"

"ಬೇಕಂತ ಮಾಡ್ಲಿಲ್ಲ ಅತ್ತೆ. ನಮ್ಮಪ್ಪನ ಮನೇಲಿ ಅಭ್ಯಾಸ. ನಾನು ಇಲ್ಲೇ ಇದ್ಬಿಡ್ತೀನಿ, ಜ್ವರ ಅಂತ ಹೇಳ್ಬಿಡಿ."

"ಗುಡಿ ಮುಂದೆ ನಿಂತು ಸುಳ್ಳು ಹೇಳ್ಲಾ ನಾನು?"

ಎರಡನೆಯ ಗಂಟೆ ಹೊಡೆಯಿತು. ಮದಲೇನಮ್ಮ ಗೋಡೆಯ ಮೊಳೆಗೆ ತೂಗುಹಾಕಿದ್ದ ಜಪಸರ ತೆಗೆದುಕೊಂಡಳು. ಅದರ ಪಕ್ಕದಲ್ಲಿ ಚೌರಪ್ಪನ ಪಟವಿತ್ತು, ಜಾತ್ರೆಯೊಂದರಲ್ಲಿ ಹಿಡಿಸಿದ್ದು. ಕೋಟಿನೊಳಗೆ ಇರಿಸುಮುರಿಸಾಗಿ ನಿಂತ ಮನುಷ್ಯ. ಅವಳು ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಲೂರ್ದಮ್ಮ ಮೊಣಕಾಲಲ್ಲಿ ಮುಖ ಹುದುಗಿಸಿದಳು. ಅತ್ತೆ ಈಗ ಒಬ್ಬಳೇ ಹೊರಟುಹೋಗುತ್ತಾಳೆ, ತನ್ನ ಪಾಡು ತನಗೆ ಎಂದುಕೊಂಡಳು.

ಹೆಜ್ಜೆ ಬಾಗಿಲ ಕಡೆ ಹೋಗಲಿಲ್ಲ, ಒಲೆಯ ಕಡೆ ಬಂತು. ಲೂರ್ದಮ್ಮ ತಲೆಯೆತ್ತಿದಳು. ಹಿಂದಿನ ರಾತ್ರಿಯಿಂದ ಒಂದು ಹನಿ ನೀರನ್ನೂ ಮುಟ್ಟದ ಮದಲೇನಮ್ಮ ಸೌಟು ತೆಗೆದು, ಎಡಗೈಯ ಅಂಗೈಗೆ ಸಾರು ಬಿಟ್ಟುಕೊಂಡು ಲೊಚಕ್ಕನೆ ನೆಕ್ಕಿದಳು.

"ಒಂದು ಹರಳು ಹಾಕು, ಸಾಲ್ದು" ಎಂದಳು. "ಮುಖ ತೊಳ್ಕೊ. ನಡಿ, ಹೊತ್ತಾಯ್ತು."

"ಅತ್ತೆ, ಮಾವನ ಪ್ರಸಾದ..."

"ಅವ್ರು ಕಾಯ್ತಾರೆ. ಬದುಕಿದ್ದಾಗ್ಲೂ ಕಾದೋರೇ."

ಗುಡಿಯಲ್ಲಿ ಮದಲೇನಮ್ಮ ಹಿಂದೆ ಕೂರಲಿಲ್ಲ. ಯಾವಾಗಿನ ಹಾಗೆ ಹೆಂಗಸರ ಚಾಪೆಯ ಮೊದಲ ಸಾಲಿಗೇ ಹೋದಳು, ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಪೂಜೆ ಲತೀನ್ ಭಾಷೆಯಲ್ಲಿ ಸಾಗಿತು. ನಡುವೆ ಚೌರಪ್ಪನ ಹೆಸರು ಬಂದಾಗ ಅವಳ ಗಲ್ಲದ ಮೇಲೆ ನೀರಿಳಿಯಿತು. ಪ್ರಸಾದದ ಗಂಟೆಯಾಯಿತು. ಕೇರಿಯವರೆಲ್ಲ ಒಬ್ಬೊಬ್ಬರಾಗಿ ಎದ್ದರು, ಅತ್ತೆ ಸೊಸೆ ಇಬ್ಬರೇ ಉಳಿದರು. ತ್ರೇಜಮ್ಮ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡಿದಳು. ಲೂರ್ದಮ್ಮನ ಕೈ ತಣ್ಣಗಾಗಿತ್ತು. ಅತ್ತೆ ಅದನ್ನು ಸೆರಗಿನಡಿ ಹಿಡಿದುಕೊಂಡಳು, ಕೊನೆಯ ಆಶೀರ್ವಾದದವರೆಗೆ ಬಿಡಲಿಲ್ಲ.

ಹೊರಗೆ ತ್ರೇಜಮ್ಮ ಕಾದೇ ಇದ್ದಳು. "ಏನಕ್ಕಾ, ಇಬ್ಬರೂ..." ಎಂದು ಎಂದಿನಂತೆ ಅರ್ಧಕ್ಕೆ ನಿಲ್ಲಿಸಿದಳು.

"ಸಾರಿನ ಉಪ್ಪು ನೋಡ್ದೆ ಕಣೇ, ಸೊಸೇನೂ ನೋಡಿದ್ಲು" ಎಂದಳು ಮದಲೇನಮ್ಮ, ಹದಿನಾಲ್ಕು ಮನೆಗೂ ಕೇಳುವ ಹಾಗೆ. "ವಯಸ್ಸಾಯ್ತು, ಕೈ ಮಾತು ಕೇಳಲ್ಲ. ನಗೋದಿದ್ರೆ ನನ್ನ ನೋಡಿ ನಗು."

ಜನ ನಕ್ಕರು. ಮದಲೇನಮ್ಮನೇ ಉಪವಾಸ ಕೆಡಿಸಿಕೊಂಡಳಂತೆ ಎನ್ನುವುದು ಎಷ್ಟು ದೊಡ್ಡ ಸುದ್ದಿಯೆಂದರೆ ಅದರ ಎದುರಿಗೆ ಹೊಸ ಸೊಸೆಯ ಸುದ್ದಿ ಸುದ್ದಿಯೇ ಆಗಲಿಲ್ಲ. ತ್ರೇಜಮ್ಮನ ಅರ್ಧ ಮಾತಿಗೆ ಉಳಿದರ್ಧ ಹುಡುಕುವ ಕೆಲಸವೂ ತಪ್ಪಿತು.

ಸ್ವಾಮಿಗಳು ಜಗಲಿಯ ಮೇಲೆ ತಿಂಡಿಗೆ ಕೂತರು, ರಾಯಪ್ಪ ಪಕ್ಕದಲ್ಲಿ. ಲೂರ್ದಮ್ಮ ದೋಸೆ ಹಾಕಿ ಸಾರು ಬಡಿಸಿದಳು. ಸ್ವಾಮಿಗಳು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಮದಲೇನಮ್ಮ, ಇವತ್ತು ಉಪ್ಪು ಸರಿಯಾಗಿದೆ."

"ಇವತ್ತು ಅಂದ್ರೆ ಏನು ಸ್ವಾಮಿ?"

ಸ್ವಾಮಿಗಳಿಗೆ ಬಾಯಿ ಜಾರಿದ್ದು ತಿಳಿಯಿತು. ಸುಳ್ಳಾಡುವ ಹಾಗಿರಲಿಲ್ಲವಲ್ಲ. "ಒಂದು ತಿಂಗಳು ಸಮುದ್ರ, ಒಂದು ತಿಂಗಳು ಬರೀ ನೀರು" ಎಂದು ಮೆಲ್ಲಗೆ ಹೇಳಿದರು.

"ಹನ್ನೊಂದು ವರ್ಷದಿಂದ ಉಣ್ತಿದ್ದೀರ. ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಉಪವಾಸ ಇದ್ದು ಒಲೆ ಮುಂದೆ ಕೂತು ಬೇಯಿಸಿದ್ದೀರಿ. ಅದಕ್ಕೆ ಉಪ್ಪು ಕೇಳೋದಾ ತಾಯಿ?"

ಮದಲೇನಮ್ಮ ಮಗನ ಕಡೆ ತಿರುಗಿದಳು. ರಾಯಪ್ಪ ತಲೆ ತಗ್ಗಿಸಿ ದೋಸೆ ಮುರಿಯುತ್ತಿದ್ದ. "ಅಪ್ಪಂಗೆ ಗೊತ್ತಿತ್ತು ಕಣಮ್ಮಾ" ಎಂದ. "ಸ್ವಾಮಿಗಳ ದಿನ ಎಡಗೈ ಮುಷ್ಟೀಲಿ ನಾಲ್ಕು ಹರಳು ಉಪ್ಪಿಟ್ಕೊಂಡೇ ಊಟಕ್ಕೆ ಕೂರೋರು. ಕಮ್ಮಿ ಇದ್ರೆ ನೀನು ಒಳಗೆ ಹೋದಾಗ ಹಾಕೋರು, ನಂಗೂ ಹಾಕೋರು. ಜಾಸ್ತಿ ಆಗಿದ್ರೆ ಮಜ್ಜಿಗೆ ಕೇಳೋರು. 'ನಿಮ್ಮಮ್ಮಂಗೆ ಹೇಳ್ದೆ ಅಂದ್ರೆ ನೋಡು' ಅಂತ ಕಣ್ಣು ಬಿಡೋರು."

ಮದಲೇನಮ್ಮ ಜಗಲಿಯ ಕಂಬ ಹಿಡಿದು ಕೂತಳು. ಗಂಡ ಪ್ರತಿ ಎರಡನೆಯ ಭಾನುವಾರ ಯಾಕೆ ಎಡಗೈ ಮಡಿಚಿಕೊಂಡು ಉಣ್ಣುತ್ತಿದ್ದ ಎಂದು ಅವಳು ಎಂದೂ ಕೇಳಿರಲಿಲ್ಲ. ವಾಯುನೋವು ಇರಬೇಕು ಎಂದುಕೊಂಡು ಎಣ್ಣೆ ತಿಕ್ಕಿದ್ದಳು. ತಿಕ್ಕಿಸಿಕೊಂಡೂ ಇದ್ದ ಪುಣ್ಯಾತ್ಮ.

ಆ ಹೊತ್ತಿಗೆ ಹಾಲಿನ ಚೆಂಬು ಒಯ್ಯಲು ಅಕ್ಕಯಮ್ಮ ಬಂದಳು. ಅಂಗಳದಲ್ಲಿ ನಿಂತು ಸಂಗತಿಯನ್ನೆಲ್ಲ ಕೇಳಿಸಿಕೊಂಡು ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯೋ ರಾಮ! ಮೂವತ್ತು ವರ್ಷದಿಂದ ನಾನು ಹಾಲು ತಂದು ಬಾಗಿಲಲ್ಲಿ ನಿಲ್ತೀನಿ. ನನ್ನ ಕೇಳಿದ್ರೆ ನಾನು ಉಪ್ಪು ನೋಡ್ತಿರ್ಲಿಲ್ವಾ? ನಿಮ್ಮ ಭಾನುವಾರಕ್ಕೆ ನನಗೇನು ಉಪವಾಸ?"

ಸ್ವಾಮಿಗಳೂ ಸೇರಿ ಎಲ್ಲರೂ ಅವಳ ಮುಖ ನೋಡಿದರು. ಇಷ್ಟು ಸಣ್ಣ ಮಾತು ಇಷ್ಟು ವರ್ಷ ಒಬ್ಬರಿಗೂ ಹೊಳೆದಿರಲಿಲ್ಲ.

"ನಮ್ಮನೇದು ಬಾಯಿಗಿಟ್ರೆ ನಿಮ್ಮೋರು ಏನೂ ಅನ್ನಲ್ವಾ ಅಕ್ಕಾ?" ಎಂದಳು ಲೂರ್ದಮ್ಮ.

"ಅಂಗೈಗೆ ಬಿದ್ದ ಒಂದು ತೊಟ್ಟಿಗೆ ಯಾವ ಜಾತಿ ಬಿಡಮ್ಮಾ" ಎಂದ ಅಕ್ಕಯಮ್ಮ ದನಿ ತಗ್ಗಿಸಿದಳು. "ನಮ್ಮೆಜಮಾನ್ರಿಗೆ ಮಾತ್ರ ಹೇಳ್ಬೇಡಿ."

ಹೊರಡುವ ಮುಂಚೆ ಸ್ವಾಮಿಗಳು ಮದಲೇನಮ್ಮನ ತಲೆಯ ಮೇಲೆ ಶಿಲುಬೆಯ ಗುರುತು ಹಾಕಿದರು. ಲೂರ್ದಮ್ಮ ಅಷ್ಟರಲ್ಲಿ ನಡೆದದ್ದನ್ನೆಲ್ಲ ಅವರಿಗೆ ಹೇಳಿಬಿಟ್ಟಿದ್ದಳು. ಅತ್ತೆಯ ಹೆಸರಿಗೆ ಅಂಟಿದ ತಪ್ಪನ್ನು ಅವಳಿಂದ ಹೊರಲಾಗಿರಲಿಲ್ಲ. "ಚೌರಪ್ಪನಿಗೆ ಇವತ್ತಿನ ಪ್ರಸಾದ ಸಂದಿದೆ, ಚಿಂತೆ ಮಾಡ್ಬೇಡಿ" ಎಂದಷ್ಟೇ ಅಂದು ಅವರು ಬಸ್ಸಿಗೆ ನಡೆದರು.

ಸಂಜೆ ಅತ್ತೆ ಸೊಸೆ ಸಮಾಧಿಗೆ ಹೋದರು. ಗುಡಿಯ ಹಿಂದೆ, ಹೊಂಗೆ ಮರದ ಪಕ್ಕ, ಮಣ್ಣಿನ ದಿಬ್ಬ, ಮರದ ಶಿಲುಬೆ. ಲೂರ್ದಮ್ಮ ಸೇವಂತಿಗೆ ಇಟ್ಟು ಮೇಣದ ಬತ್ತಿ ಹಚ್ಚಿದಳು. ಮದಲೇನಮ್ಮ ಮೂರು ನಮೋ ಮರಿಯ ಜಪ ಹೇಳಿದಳು. ನೆಲದ ಮೇಲೆ ಕೂತು, ಗಂಡನ ಎಡಗೈ ಇದ್ದಿರಬಹುದಾದ ಕಡೆಯ ಮಣ್ಣನ್ನು ಅಂಗೈಯಿಂದ ಸವರಿದಳು.

"ಅಷ್ಟು ವರ್ಷ ಮುಷ್ಟಿ ಕಟ್ಕೊಂಡು ಉಂಡ್ರಲ್ರೀ" ಎಂದಳು. "ಒಂದ್ಸಲನಾದ್ರೂ ಬಿಚ್ಚಿ ತೋರಿಸ್ಬಾರ್ದಾಗಿತ್ತಾ?"